ಬೀದಿ ನಲ್ಲಿಗೆ ಗಂಗೆಪೂಜೆ

ನಲ್ಲಿಗೆ ಅರಿಸಿನ ಹಚ್ಚಿ, ಹೂ ಮುಡಿಸಿ, ಕೈಮುಗಿದವರನ್ನು ಕಂಡಿದ್ದೀರಾ? ಕಳೆದ ಶುಕ್ರವಾರ ದುರ್ಗದ ನಮ್ಮ ಬೀದಿಯಲ್ಲಿ ನಾನು ಕಂಡೆ. ಕೈಮುಗಿದವಳು ನನ್ನ ಮಗಳು ಪಾರ್ವತಿ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳನ್ನು ಕರೆದೊಯ್ಯಲು ಹೊಸದುರ್ಗದಿಂದ ಬೀಗಿತ್ತಿ ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ಹೊರಡುವ ಮುಂಚೆ ಗಂಗೆಪೂಜೆ ಆಗಬೇಕು. ಬಾಣಂತಿ ಬಾವಿಗೆ ಪೂಜೆ ಮಾಡಿ, ಕೈಯಾರೆ ಒಂದು ಕೊಡ ನೀರು ಸೇದಿ ಒಳಗೆ ತಂದರೇ ಬಾಣಂತನ ಮುಗಿದಂತೆ. ಈ ಬೀದಿಯ ಹೆಣ್ಣುಮಕ್ಕಳೆಲ್ಲ ಹಾಗೆ ಸೇದಿಯೇ ಗಂಡನ ಮನೆಗೆ ಮರಳಿದವರು.

ಆ ಬಾವಿ ಈಗ ಇಲ್ಲವೇ? ಇದೆ. ಒಡೆದ ಹೆಂಚು, ಒಲೆಯ ಬೂದಿ, ಸವೆದ ಪೊರಕೆಗಳನ್ನು ಬಾಯಿತನಕ ತುಂಬಿಕೊಂಡು ಕೂತಿದೆ. ನಲ್ಲಿ ಬಂದದ್ದೇ ತಡ, ಸೇದುವ ಹಗ್ಗ ದನ ಕಟ್ಟಲು ಹೋಯಿತು. ರಾಟೆಯನ್ನು ಯಾರು ಹೊತ್ತೊಯ್ದರೋ. ಮುನಿಸಿಪಾಲಿಟಿಯ ಓವರ್‌ಸಿಯರು, "ಪೈಪು ಹಾಕಿದ ಮೇಲೆ ಬಾವಿ ಯಾಕ್ರಿ, ಸೊಳ್ಳೆ ಸಾಕಾಕಾ?" ಎಂದು ನಕ್ಕ. (ಅಷ್ಟು ವರ್ಷ ಅದೇ ನೀರು ಕುಡಿದವರಿಗೆ ಸೊಳ್ಳೆ ಕಂಡಿರಲಿಲ್ಲ.) ಕಸ ಸುರಿಯಬೇಡಿ ಎಂದ ನನಗೆ ಎದುರುಮನೆ ಗೌರಮ್ಮ, "ಸುಮ್ಕಿರಕ್ಕ, ನಿಂಗಿನ್ನೂ ನೀರು ಸೇದೋ ಆಸೆನಾ?" ಎಂದಿದ್ದಳು.

ಶುಕ್ರವಾರ ಉಪಾಯ ಹೇಳಿದವಳೂ ಆ ಗೌರಮ್ಮನೇ. "ನಲ್ಲೀಲಿ ಬರೋದೂ ಗಂಗಮ್ಮನೇ ಅಲ್ವೇನಕ್ಕ? ಅಲ್ಲೇ ಪೂಜೆ ಮಾಡಾಣ ನಡಿ."

ಹೋದೆವು. ಪಾರ್ವತಿ ಅರಿಸಿನ ಕುಂಕುಮ ಹಚ್ಚಿದಳು, ಎಲೆ ಅಡಿಕೆ ಇಟ್ಟಳು, ಹೊಸ ಕೊಡ ಹಿಡಿದು ನಲ್ಲಿ ತಿರುಗಿಸಿದಳು. ಬುಸ್ಸೆಂದು ಗಾಳಿ ಬಂತು. ಅಷ್ಟೇ.

"ಇನ್ನೊಸಿ ತಿರುಗ್ಸೇ," ಎಂದಳು ಗೌರಮ್ಮ.

"ಪೂರಾ ತಿರುಗ್ಸೀನಿ ಚಿಕ್ಕವ್ವ. ಇನ್ನೂ ತಿರುಗ್ಸಿದ್ರೆ ಕೈಗೇ ಬರ್ತೈತೆ."

ಆ ಕಡೆ ಬಂದ ಮುನಿಸಿಪಾಲಿಟಿ ಜವಾನನನ್ನು ಕೇಳಿದೆ. "ಕೆರೇಲೇ ನೀರಿಲ್ಲ ಕಣವ್ವ, ಪೈಪೇನ್ ಮಾಡತೈತೆ?" ಎಂದ.

ಪೈಪು ಹೂಳುವಾಗ ಈ ಮಾತನ್ನು ಯಾರೂ ಯಾಕೆ ಆಡಲಿಲ್ಲ? ಊರಿಗೆ ಊರೇ ಒಂದು ಕೆರೆಗೆ ಬಾಯಿ ಹಚ್ಚಿದರೆ ಅದು ಎಷ್ಟು ದಿನ ತಾಳೀತು? ಕೆರೆಗೆ ನೀರು ತರುವ ಹಳ್ಳವನ್ನೇ ಉತ್ತು ಹೊಲ ಮಾಡಿಕೊಂಡವರಿದ್ದಾರೆ. ಅವರನ್ನು ಕೇಳುವವರುಂಟೇ? ಹೊಳಲ್ಕೆರೆಯ ನೆಂಟರ ಬೀದಿಯಲ್ಲೂ ಇದೇ ಕತೆಯಂತೆ. ಬಾವಿ ಮುಚ್ಚುವುದು, ಒಣಗಿದ ನಲ್ಲಿಯ ಮುಂದೆ ಕೊಡ ಸಾಲಿಡುವುದು. ಇದಕ್ಕೆ ಸುಧಾರಣೆ ಎಂದು ಹೆಸರು.

ಬೀಗಿತ್ತಿ ಜಗಲಿಯಿಂದ ಎಲ್ಲವನ್ನೂ ನೋಡಿದರು. ಒಳ್ಳೆಯ ಹೆಂಗಸು, ಕೊಂಕಾಡಲಿಲ್ಲ. "ಬಿಸಿಲೇರ್ತೈತೆ, ಹೊರಡಾಣ. ಪೂಜೆ ನಮ್ಮೂರಾಗೇ ಮಾಡ್ತೀವಿ ಬಿಡ್ರಿ. ನಮ್ ಬಾವೀಲಿ ಇನ್ನೂ ನೀರೈತೆ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪಾರ್ವತಿ ಬರಿಗೊಡವನ್ನು ಜಗಲಿಯ ಮೇಲಿಟ್ಟು, ಮಗುವನ್ನೆತ್ತಿಕೊಂಡು ಗಾಡಿ ಹತ್ತಿದಳು.

ಮುನಿಸಿಪಾಲಿಟಿಯನ್ನು ಬಯ್ಯೋಣ, ಬೇಡವೆನ್ನುವುದಿಲ್ಲ. ಆದರೆ ಬಾವಿಗೆ ಬೂದಿ ಸುರಿದ ಮೊರಗಳು ಈ ಬೀದಿಯವೇ. ಹೆರಿಗೆಗೆಂದು ಕರೆಸಿಕೊಂಡ ಮಗಳಿಗೆ ಒಂದು ಕೊಡ ನೀರು ಕೊಟ್ಟು ಕಳಿಸಲಾಗದ ಊರನ್ನು ಯಾವ ಬಾಯಿಂದ ತವರು ಅನ್ನುವುದು?