ಗೋಡೆ ಪಕ್ಕದ ಚೊಂಬುಗಳು

ಮತದಾನಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಅಟ್ಟದಿಂದ ಸಾಮಾನು ಇಳಿಸುತ್ತಿದ್ದೆ. ಅಮ್ಮನ ಹಳೆಯ ಸ್ಟೀಲ್ ಚೊಂಬು ಸಿಕ್ಕಿತು. ಬಾಯಿ ಒಂದು ಕಡೆ ನೆಗ್ಗಿದೆ. ಮೂಸಿ ನೋಡಿದೆ, ಹಾಲಿನ ವಾಸನೆಯೇನೂ ಉಳಿದಿರಲಿಲ್ಲ. ಆದರೂ ಹಾಲಿನಕ್ಕ ನೆನಪಾದಳು...

ನಗರದಂಚಿನ ಕೋಗಿಲಿನಿಂದಾಚೆಗಿನ ನಮ್ಮೂರು ಆಗಿನ್ನೂ ಹಳ್ಳಿಯೇ. ಊರಿನ ಕೊನೆಯಲ್ಲಿದ್ದ ಶೀಟ್ ಮನೆಗಳ ಸಾಲಿನಲ್ಲಿ ಹಾಲಿನಕ್ಕ ಎರಡು ಎಮ್ಮೆ ಕಟ್ಟಿಕೊಂಡಿದ್ದಳು. ಆ ಸಾಲಿನ ಉಳಿದವರೆಲ್ಲ ಗಾರೆ ಕೆಲಸಕ್ಕೆಂದು ದೂರದ ಜಿಲ್ಲೆಗಳಿಂದ ಬಂದು ನೆಲೆ ನಿಂತವರು. ನೀರಿನ ಪೈಪು ಅವರ ಸಾಲಿಗಿಂತ ನಾಲ್ಕು ಮನೆ ಹಿಂದೆಯೇ ನಿಂತುಬಿಟ್ಟಿತ್ತು. ಅಕ್ಕ ಎಮ್ಮೆಗಳಿಗೂ ಬಿಂದಿಗೆಯಲ್ಲೇ ನೀರು ಹೊರುತ್ತಿದ್ದಳು.

ಪೈಪು ಯಾಕೆ ಅಲ್ಲಿಗೇ ನಿಂತಿತೆಂದು ನನಗೆ ಗೊತ್ತಿತ್ತು. ಅದರಲ್ಲಿ ನನ್ನ ಕೈಯೂ ಇತ್ತು. ಚುನಾವಣೆ ಬಂತೆಂದರೆ ಊರ ಪಂಚಾಯ್ತಿ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ ಜಗಲಿಯ ಮೇಲೆ ಮತದಾರರ ಪಟ್ಟಿ ಹರಡಿಕೊಂಡು ಕೂರುತ್ತಿದ್ದರು. ನನ್ನ ಅಕ್ಷರ ದುಂಡಗಿದೆಯೆಂದು ಪೆನ್ನು ನನಗೆ. ದೊಡ್ಡ ಬೀದಿ ನಮ್ಮ ಜನ, ಹೆಸರಿನ ಮುಂದೆ ಟಿಕ್ಕು. ದೇವಸ್ಥಾನದ ಹಿಂದಿನ ಬೀದಿ ಅವರ ಜನ, ಇಂಟು. ಶೀಟ್ ಮನೆಗಳಿಗೆ ಮಾತ್ರ ಉದ್ದಕ್ಕೆ ಒಂದೇ ಗೆರೆ. ಒಂದು ದಿನದ ಕೂಲಿ ಬಿಟ್ಟು ಅವರು ಬೂತಿಗೆ ಬರುವುದಿಲ್ಲವೆಂದು ಅದರ ಅರ್ಥ. ಬರದವರ ಬಾಗಿಲಿಗೆ ಪೈಪು ಯಾಕೆ? ಕಾಲೇಜು ಓದುತ್ತಿದ್ದ ನನಗೂ ಅದು ತಪ್ಪೆನಿಸಿರಲಿಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ಸಲ ಮತದಾನದ ಹಿಂದಿನ ದಿನ ಹಾಲು ಹಾಕಲು ಬಂದ ಅಕ್ಕ ಪಟ್ಟಿಯತ್ತ ಬಗ್ಗಿದಳು.

"ನನ್ ಎಸ್ರು ಮುಂದೆ ಏನ್ ಬರ್ದಿದೀಯವ್ವ?"

"ಗೆರೆ, ಅಕ್ಕ. ಬರಲ್ಲ ಅಂತ."

ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ ಅವಳು. ಸಾಲಿನ ಜೊತೆ ಅವಳನ್ನೂ ಸೇರಿಸಿ ಗೆರೆ ಎಳೆದಿದ್ದೆ. ಅಕ್ಕ ದೊಡ್ಡಪ್ಪನ ಮುಖ ನೋಡಿದಳು. "ಆಗ್ಲಿ ಗೌಡ್ರೆ," ಎಂದಷ್ಟೇ ಹೇಳಿ ಕ್ಯಾನು ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಯಾರ ಮನೆಗೂ ಹಾಲು ಬರಲಿಲ್ಲ. ಕಾದು ಸಾಕಾಗಿ ಅಮ್ಮ ನನ್ನ ಕೈಗೆ ಚೊಂಬು ಕೊಟ್ಟು ಕಳಿಸಿದಳು. ಬೂತಿದ್ದ ಶಾಲೆಯ ಎದುರು, ಸುಣ್ಣದಲ್ಲಿ ಎಳೆದಿದ್ದ ಗಡಿಯಿಂದ ಆಚೆ, ಕ್ಯಾನು ಇಟ್ಟುಕೊಂಡು ಅಕ್ಕ ಕೂತಿದ್ದಳು. ಶೀಟ್ ಮನೆಗಳವರೆಲ್ಲ ಹಾಲಿಗೆಂದು ಅಲ್ಲಿಗೇ ಬಂದಿದ್ದರು. ಮೊದಲು ಓಟು, ಆಮೇಲೆ ಹಾಲು ಎಂದು ಅವಳು ಹಟ ಹಿಡಿದಿದ್ದಳು. ಪಾತ್ರೆಗಳನ್ನು ಒಳಗೆ ಬಿಡುವುದಿಲ್ಲವೆಂದು ಪೊಲೀಸಿನವರು ತಡೆದಾಗ ಎಲ್ಲರೂ ಶಾಲೆಯ ಗೋಡೆ ಪಕ್ಕ ಇಟ್ಟು ಸರದಿಯಲ್ಲಿ ನಿಂತರು. ಗೇಟಿನಿಂದ ಮೂಲೆಯವರೆಗೆ ಬರೀ ಚೊಂಬುಗಳು...

"ಇದೇನಮ್ಮ ನಿನ್ ನಾಟಕ?" ದೊಡ್ಡಪ್ಪ ರೇಗಿದರು.

"ಆಲು ಕಾಸಿಗೇ ಕೊಡ್ತಿರೋದು ಗೌಡ್ರೆ, ಪುಕ್ಕಟೆ ಅಲ್ಲ. ಓಟು ಯಾರಿಗಾರ ಆಕ್ಲಿ, ನಾನ್ ಕೇಳಲ್ಲ. ನಮ್ ಸಾಲು ಬಂದೈತೆ, ಕಣ್ತುಂಬ ನೋಡ್ಕಳಿ."

ಕೆಲಸಕ್ಕೆ ತಡವಾಯಿತೆಂದು ಸರದಿಯಲ್ಲಿದ್ದ ಒಬ್ಬ ಚಡಪಡಿಸಿದ. "ಮೇಸ್ತ್ರಿ ಬೈದ್ರೆ ನನ್ ಎಸ್ರು ಏಳು," ಎಂದಳು ಅಕ್ಕ. ಅವನು ಸರದಿ ಬಿಟ್ಟು ಕದಲಲಿಲ್ಲ. ನಾನೂ ನಮ್ಮ ಚೊಂಬನ್ನು ಅವರ ಚೊಂಬುಗಳ ಪಕ್ಕ ಇಟ್ಟು ಸರದಿಗೆ ಸೇರಿದೆ. ದೊಡ್ಡಪ್ಪ ಸಿಟ್ಟಿನಲ್ಲಿ ಸರಸರನೆ ನಡೆದಾಗ ಕಾಲು ತಾಕಿ ಅದು ನೆಗ್ಗಿದ್ದು ಆವತ್ತೇ.

ಮುಂದಿನ ಬೇಸಿಗೆಯೊಳಗೆ ಪೈಪು ಬಂತು. ದೊಡ್ಡಪ್ಪನೇ ನಿಂತು ಹಾಕಿಸಿದರು. ನೀರು ಬಂದ ದಿನ ಅವರು ಎಲ್ಲರ ನಮಸ್ಕಾರ ತೆಗೆದುಕೊಳ್ಳುತ್ತ ಓಡಾಡುತ್ತಿದ್ದರೆ ಅಕ್ಕ ಆ ಕಡೆ ತಿರುಗಿಯೂ ನೋಡದೆ ಎಮ್ಮೆ ತೊಳೆಯುತ್ತಿದ್ದಳು.

ಈಗ ಆ ಸಾಲು ಇದ್ದ ಜಾಗದಲ್ಲೇ ನಾನಿರುವ ಅಪಾರ್ಟ್‌ಮೆಂಟ್ ಎದ್ದಿದೆ. ಸಾಲಿನವರು ಎಲ್ಲೆಲ್ಲಿಗೋ ಹೋದರು. ಅಕ್ಕ ಚಿಕ್ಕಬಾಣಾವರದ ಮಗಳ ಮನೆಯಲ್ಲಿ ತೀರಿಕೊಂಡಳಂತೆ. ನನಗೆ ತಿಳಿಯುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ...

ಚೊಂಬು ಸಿಕ್ಕಿದ ಮರುದಿನವೇ ಪಕ್ಷವೊಂದರ ಯುವಕ ಮತದಾರರ ಪಟ್ಟಿಯನ್ನು ಫೋನಿನಲ್ಲಿ ಹಿಡಿದು ಬಂದ. "ಫ್ಲ್ಯಾಟ್‌ನೋರು ಎಲ್ಲಿ ಬರ್ತಾರೆ ಮೇಡಂ, ರಜಾ ಸಿಕ್ರೆ ಟ್ರಿಪ್ ಹೋಗ್ತಾರೆ," ಎಂದು ನಕ್ಕ.

"ನನ್ನ ಹೆಸರಿನ ಮುಂದೆ ಏನಪ್ಪ ಹಾಕಿದೀಯ?"

ಅವನು ಫೋನು ಮಗುಚಿ ಹಿಡಿದ.

ಮತದಾನದ ದಿನ ಅಕ್ಕಪಕ್ಕದ ಬಾಗಿಲುಗಳನ್ನೆಲ್ಲ ಬಡಿದೆ. ಇಬ್ಬರು ಬೈದುಕೊಂಡರು, ಮೂವರು ಎದ್ದು ಬಂದರು. ಅದೇ ಶಾಲೆ, ಅದೇ ಗೋಡೆ. ನಾನು ತಂದಿದ್ದ ಚೊಂಬನ್ನು ಪೊಲೀಸಿನವರು ಒಳಗೆ ಬಿಡಲಿಲ್ಲ, ಗೋಡೆ ಪಕ್ಕ ಇಟ್ಟೆ. ಶಾಯಿ ಆರದ ಬೆರಳಿನಲ್ಲಿ ಅದನ್ನು ಎತ್ತಿಕೊಳ್ಳುವಾಗ ಎದುರಿಗೆ ನೋಡಿದೆ. ಸುಣ್ಣದ ಗಡಿಯಿಂದಾಚೆ ಯಾರೂ ಇರಲಿಲ್ಲ. ಖಾಲಿ ಚೊಂಬು ಮನೆಗೆ ತಂದು ತೊಳೆದೆ. ಇನ್ನು ಅದನ್ನು ಅಟ್ಟಕ್ಕೆ ಹಾಕುವುದಿಲ್ಲ.