ಡಾಕ್ಟರಮ್ಮನ ಏರ್ ಪಿಸ್ತೂಲು

ತಿಪಟೂರಿನ ಒಬ್ಬರು ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ನಾನು ಇಪ್ಪತ್ತಾರು ವರ್ಷ ನರ್ಸಾಗಿದ್ದೆ. ಮದುವೆಯಾಗಿ ಎರಡೇ ವರ್ಷಕ್ಕೆ ಕೆಂಕೆರೆಯ ತವರಿಗೆ ಹಿಂತಿರುಗಿ ಬಂದವಳು ನಾನು. ಅಲ್ಲಿಯೂ ಬಹಳ ದಿನ ಇರಲಾಗದೆ, ಟ್ರೈನಿಂಗ್ ಮುಗಿಸಿ ಅವರ ಹತ್ತಿರ ಕೆಲಸಕ್ಕೆ ಸೇರಿಕೊಂಡೆ. ಡಾಕ್ಟರಮ್ಮ ಮದುವೆಯಾಗಿರಲಿಲ್ಲ. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಮೊದಲು ಹಿತ್ತಲ ಕೋಣೆಯಲ್ಲಿದ್ದ ನಾನು, ಅವರ ಮಂಡಿನೋವು ಜಾಸ್ತಿಯಾದ ಮೇಲೆ ಮಹಡಿಯಲ್ಲೇ ಉಳಿದೆ. ಊರಿನವರೆಲ್ಲ ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ.

ಅವರ ಬಳಿ ಒಂದು ಹಳೆಯ ಏರ್ ಪಿಸ್ತೂಲಿತ್ತು. ಅವರು ಮೆಡಿಕಲ್ ಓದುತ್ತಿದ್ದಾಗ ಅಣ್ಣ ಹೊರದೇಶದಿಂದ ತಂದುಕೊಟ್ಟದ್ದು. ಹಿಡಿಯೊಳಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಗ್ಯಾಸ್ ಬುರುಡೆಯಿಟ್ಟು ತಿರುಪು ಬಿಗಿದರೆ ಸಾಕು, ಪ್ರತಿ ಸಲ ಮಡಿಸಿ ಗಾಳಿ ತುಂಬುವ ಗೋಜಿಲ್ಲ. ಟ್ರಿಗರ್ ಎಳೆದಂತೆಲ್ಲ ಕಾಳುಮೆಣಸಿನ ಗಾತ್ರದ ಗುಂಡುಗಳು ತಾವಾಗಿಯೇ ಒಂದರ ಹಿಂದೊಂದು ಬಂದು ಕೂತು ಹಾರುತ್ತಿದ್ದವು.

ಭಾನುವಾರ ಸಂಜೆ ಕ್ಲಿನಿಕ್ಕಿಗೆ ರಜೆ. ಹಿತ್ತಲಲ್ಲಿ ತೆಂಗಿನ ಸಿಪ್ಪೆಯ ದೊಡ್ಡ ಗುಡ್ಡೆ ಇತ್ತು. ಅದರ ಮುಂದೆ ಬಟ್ಟೆ ಒಣಗಿಸುವ ತಂತಿಗೆ ದಾರ ಕಟ್ಟಿ ಕರಟ ತೂಗುಬಿಡುತ್ತಿದ್ದೆವು. ತಪ್ಪಿದ ಗುಂಡೆಲ್ಲ ಸಿಪ್ಪೆಯೊಳಗೆ ಹೋಗಿ ಉಳಿಯುತ್ತಿತ್ತು. ಬೆತ್ತದ ಕುರ್ಚಿಯಲ್ಲಿ ಕೂತು ಅವರು ಮೊದಲು ಹೊಡೆಯುವರು, ಆಮೇಲೆ ನಾನು. ನನ್ನ ಕಣ್ಣಿಗೆ ಅಷ್ಟು ದೂರ ಸರಿಯಾಗಿ ಕಾಣದು. ತಾಗಿತೋ ಇಲ್ಲವೋ ಎಂದು ಅವರೇ ಹೇಳಬೇಕಾಗಿತ್ತು. ಮೊದಲ ದಿನವೇ ಒಂದು ಮಾತು ಹೇಳಿದ್ದರು: "ಜೀವ ಇರೋದ್ರ ಕಡೆ ಇದನ್ನ ತಿರುಗಿಸಿದ್ರೆ ಆವತ್ತೇ ಬಾವಿಗೆ ಎಸೀತೀನಿ ಕಣೇ."

ಅದನ್ನು ಬಿಚ್ಚಿ ಜೋಡಿಸುವುದನ್ನೂ ಅವರೇ ಕಲಿಸಿದರು. ಹಳೆಯ ಪೇಪರ್ ಹಾಸಿ, ತಿರುಪುಗಳನ್ನು ಕ್ಲಿನಿಕ್ಕಿನ ಕಿಡ್ನಿ ಟ್ರೇಯಲ್ಲಿಟ್ಟುಕೊಂಡು, ತೆಳ್ಳಗಿನ ಕಡ್ಡಿಗೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಸುತ್ತಿ ನಳಿಗೆ ಒರೆಸುವುದು. ಗುಂಡು ಹೊಡೆದಾದ ಮೇಲೆ ಗ್ಯಾಸನ್ನು ಪೂರ್ತಿ ಬಿಟ್ಟು ಖಾಲಿ ಮಾಡುವುದು. ಒಂದು ಮಾಗಿಯಲ್ಲಿ ನಾನು ಬುದ್ಧಿವಂತಿಕೆ ಮಾಡಲು ಹೋಗಿ ಕೊಬ್ಬರಿ ಎಣ್ಣೆ ಹಾಕಿಬಿಟ್ಟೆ. ಚಳಿಗೆ ಅದು ಒಳಗೇ ಹೆಪ್ಪುಗಟ್ಟಿ ಟ್ರಿಗರ್ ಅಲ್ಲಾಡದಾಯಿತು. ಅವರು ಬೈಯಲಿಲ್ಲ. ಕೂತು ಒಂದೊಂದೇ ಭಾಗ ಒರೆಸಿ ಹರಳೆಣ್ಣೆ ಸವರಿದರು. ಗ್ಯಾಸ್ ಬುರುಡೆಯ ಬಾಯಿಗೆ ಕೂರುವ ಒಂದು ಸಣ್ಣ ರಬ್ಬರ್ ರಿಂಗನ್ನು ಬೆರಳ ತುದಿಯಲ್ಲಿ ಹಿಡಿದು, ಇದೊಂದು ಹೋದರೆ ಗ್ಯಾಸೆಲ್ಲ ಪೋಲು, ಉಳಿದದ್ದು ಬರೀ ಕಬ್ಬಿಣ ಎಂದರು. ಹಳೆಯ ರಿಂಗು ಬಿರುಕುಬಿಟ್ಟಾಗ ನಾನೇ ಪಂಪ್ ರಿಪೇರಿ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಹುಡುಕಿ, ಅಳತೆಗೆ ಸರಿಹೋಗುವುದನ್ನು ತಂದಿದ್ದೆ.

ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಬೆಳಿಗ್ಗೆ ಎದೆ ಹಿಡಿದುಕೊಂಡಿತು. ತುಮಕೂರಿಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಹೋದರು. ಅವರ ತಲೆ ನನ್ನ ತೊಡೆಯ ಮೇಲಿತ್ತು. ಮೈಸೂರಿನಿಂದ ಅವರ ಅಣ್ಣನ ಮಗ, ಸೊಸೆ ಬಂದು ಮುಂದಿನದನ್ನೆಲ್ಲ ಮಾಡಿದರು. ಬಂದವರು ಅವರಿಬ್ಬರ ಕೈ ಹಿಡಿದು ಸಮಾಧಾನ ಹೇಳಿದರು. ನನ್ನ ಹತ್ತಿರ ಬಂದವರು ಕಾಫಿ ಲೋಟ ಎಲ್ಲಿಡಬೇಕು ಎಂದು ಕೇಳಿದರು. ತಪ್ಪು ಅವರದಲ್ಲ. ಅಂಥ ಕಡೆ ನನ್ನನ್ನು ಏನೆಂದು ಮಾತಾಡಿಸಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮಾರನೆಯ ದಿನ ಅಣ್ಣನ ಮಗ ಮನೆ ಖಾಲಿ ಮಾಡಿಸುವ ವಿಷಯ ತೆಗೆದರು. ಮೆತ್ತಗೆ ಮಾತಾಡುವ ಮನುಷ್ಯ. ನನಗೆ ಎಲ್ಲಿಯಾದರೂ ಮನೆ ಸಿಗುವ ತನಕ ಇರಿ ಎಂದೂ ಹೇಳಿದರು. ಆಮೇಲೆ ಕೇಳಿದರು: "ಅತ್ತೆ ಹತ್ರ ಒಂದು ಪಿಸ್ತೂಲಿತ್ತಲ್ಲ ಸಿಸ್ಟರ್, ನಮ್ಮಪ್ಪ ತಂದುಕೊಟ್ಟಿದ್ದು. ಅದೆಲ್ಲಿದೆ?"

ಒರೆಸಿ ತಂದುಕೊಡುತ್ತೇನೆ ಎಂದು ಒಳಗೆ ಹೋದೆ. ಬಾಗಿಲು ಹಾಕಿಕೊಂಡು, ಎಂದಿನಂತೆ ಪೇಪರ್ ಹಾಸಿ ಬಿಚ್ಚಿದೆ, ಒರೆಸಿದೆ. ರಬ್ಬರ್ ರಿಂಗನ್ನು ತೆಗೆದು, ತೊಳೆದಿಟ್ಟಿದ್ದ ಇಂಜೆಕ್ಷನ್ ಬಾಟಲಿಗೆ ಹರಳೆಣ್ಣೆಯ ಜೊತೆ ಹಾಕಿ ಮುಚ್ಚಿದೆ. ಉಳಿದದ್ದನ್ನು ಜೋಡಿಸಿ ಅದರ ಪೆಟ್ಟಿಗೆಯಲ್ಲಿಟ್ಟು ತಂದುಕೊಟ್ಟೆ. ಗ್ಯಾಸ್ ಬುರುಡೆಗಳ ಡಬ್ಬಿಯನ್ನೂ ಆತನ ಕಾರಿನಲ್ಲಿ ನಾನೇ ಇಟ್ಟೆ.

ಕಿಬ್ಬನಹಳ್ಳಿಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಸಿಕ್ಕಿತು. ಅಲ್ಲಿಂದಲೇ ಬಸ್ಸಿನಲ್ಲಿ ಬೇರೊಂದು ನರ್ಸಿಂಗ್ ಹೋಮಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದೆ. ವಾರವೆಲ್ಲ ಹೇಗೋ ಕಳೆಯುತ್ತಿತ್ತು. ಭಾನುವಾರ ಬೆಳಿಗ್ಗೆಯೇ ಬಟ್ಟೆ ಒಗೆದು ಅಡುಗೆ ಮುಗಿಸಿಬಿಟ್ಟರೆ ಮಧ್ಯಾಹ್ನದ ಮೇಲೆ ಏನು ಮಾಡಬೇಕೆಂದು ತೋಚದೆ, ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂರುತ್ತಿದ್ದೆ. ಯಾವ ಬಸ್ಸು ಬೇಕಮ್ಮ ಎಂದು ಕಂಡಕ್ಟರುಗಳು ಕೇಳಿದರೆ ಮುಂದಿನದು ಎನ್ನುತ್ತಿದ್ದೆ.

ಐದಾರು ತಿಂಗಳ ಮೇಲೆ ಆ ಅಣ್ಣನ ಮಗ ಡಾಕ್ಟರಮ್ಮನ ಮನೆ ಮಾರಾಟದ ರಿಜಿಸ್ಟ್ರೇಷನ್ನಿಗೆ ಬಂದವರು, ವಿಳಾಸ ಕೇಳಿಕೊಂಡು ನನ್ನ ಮನೆಗೂ ಬಂದರು. ಕೈಯಲ್ಲಿ ಅದೇ ಪಿಸ್ತೂಲಿನ ಪೆಟ್ಟಿಗೆ, ಗ್ಯಾಸ್ ಬುರುಡೆಗಳ ಡಬ್ಬಿ.

"ಕೆಲಸ ಮಾಡ್ತಿಲ್ಲ ಸಿಸ್ಟರ್. ರಿಪೇರಿಯವನಿಗೆ ತೋರಿಸ್ದೆ, ಒಳಗೆ ಒಂದು ರಿಂಗ್ ಇಲ್ಲವಂತೆ. ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ" ಎಂದೆ.

ಆತ ಎರಡನ್ನೂ ಮಂಚದ ಮೇಲಿಟ್ಟರು. "ಇರಲಿ, ನೀವೇ ಇಟ್ಕೊಳ್ಳಿ. ಕೇಳಿದ್ರೆ ಆವತ್ತೇ ನಿಮಗೇ ಬಿಡ್ತಿದ್ದೆ. ನೀವು ಸುಮ್ಮನೆ ತಂದುಕೊಟ್ರಿ, ನಿಮಗೆ ಬೇಡವೇನೋ ಅಂದ್ಕೊಂಡೆ."

ಆತ ಹೋದ ಮೇಲೆ ಬಾಟಲಿಯಿಂದ ರಿಂಗು ತೆಗೆದು ಕೂರಿಸಿದೆ. ಗ್ಯಾಸ್ ಸ್ವಲ್ಪವೂ ಸೋರಲಿಲ್ಲ. ಹಿತ್ತಲಲ್ಲಿ ಮನೆಯೊಡತಿಯ ಸಿಪ್ಪೆ ಗುಡ್ಡೆಯಿತ್ತು. ಅವರ ಒಪ್ಪಿಗೆ ಕೇಳಿ ಕರಟ ಕಟ್ಟಿದೆ. ಪಟಪಟನೆ ಆರು ಗುಂಡು ಹಾರಿದವು. ತಾಗಿತೋ ಇಲ್ಲವೋ ತಿಳಿಯಲಿಲ್ಲ. ಪಿಸ್ತೂಲನ್ನು ಒಗೆಯುವ ಕಲ್ಲಿನ ಮೇಲಿಟ್ಟು, ನಡೆದುಹೋಗಿ ಕರಟವನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಒಂದೂ ತಾಗಿರಲಿಲ್ಲ.

ಕೇಳಿದ್ದರೆ ಕೊಡುತ್ತಿದ್ದರು ಎಂಬ ಮಾತು ನನ್ನನ್ನು ವರ್ಷವೆಲ್ಲ ಕೊರೆಯಿತು. ಕದ್ದದ್ದಕ್ಕಿಂತ ಆ 'ಗೊತ್ತಿಲ್ಲ' ಎಂದದ್ದು ಹೆಚ್ಚು ಚುಚ್ಚುತ್ತಿತ್ತು. ಕೊನೆಗೆ ಈ ಯುಗಾದಿ ಕಳೆದ ಮೇಲೆ ಧೈರ್ಯ ಮಾಡಿ ಆತನಿಗೆ ಫೋನ್ ಮಾಡಿದೆ. ಆವತ್ತು ರಿಂಗ್ ತೆಗೆದಿಟ್ಟುಕೊಂಡವಳು ನಾನೇ, ತಪ್ಪಾಯಿತು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆ ಕಡೆಯಿಂದ ಕೇಳಿದರು: "ಯಾವ ರಿಂಗು ಸಿಸ್ಟರ್? ಚಿನ್ನದ್ದಾ?"

ಅಲ್ಲ, ಪಿಸ್ತೂಲಿನದು ಎಂದೆ. "ಓ, ಅದಾ" ಎಂದರು. ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ಆರೋಗ್ಯವಾಗಿದ್ದೀರಾ, ಊಟ ತಿಂಡಿ ಹೇಗೆ ಎಂದೆಲ್ಲ ವಿಚಾರಿಸಿ, ಆಮೇಲೆ ಮಾಡುತ್ತೇನೆ ಎಂದು ಇಟ್ಟರು. ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಮೊನ್ನೆ ಕಣ್ಣು ಪರೀಕ್ಷೆ ಮಾಡಿಸಿ ದೂರಕ್ಕೆ ಕಾಣುವ ಕನ್ನಡಕ ಹಾಕಿಸಿಕೊಂಡೆ.