ಲಾಳದವನ ಮಗಳ ಕುರ್ಚಿ

ಹಾದಿಯಾಳ ಮನೆಯಲ್ಲಿ ಒಂದು ಕುರ್ಚಿ ಇದೆ. ಅಮೆರಿಕದ ಆನ್ ಆರ್ಬರ್‌ನ ಆ ಪುಟ್ಟ ಅಪಾರ್ಟ್‌ಮೆಂಟಿಗೆ ಅದು ಸ್ವಲ್ಪವೂ ಹೊಂದುವುದಿಲ್ಲ. ಓಕ್ ಮರದ್ದು, ಎತ್ತರದ ಬೆನ್ನು, ದಪ್ಪ ದಪ್ಪ ಕೈಗಳು. ನಾನು ಮೊದಲ ಸಲ ಹೋದಾಗ ಅದರ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿತ್ತು. "ಇದೇನ್ರೀ, ಜಮೀನ್ದಾರರ ಕುರ್ಚಿ?" ಎಂದೆ. "ಗೆದ್ದಿದ್ದು" ಎಂದಳು, ಬಟ್ಟೆ ತೆಗೆಯದೆ. ಉಳಿದದ್ದಕ್ಕೆ ಅವಳ ಬಾಯಿ ಬಿಡಿಸಲು ನನಗೆ ಇಡೀ ಚಳಿಗಾಲ ಹಿಡಿಯಿತು.

ಹಾದಿಯಾ ತಿಪಟೂರಿನ ಕಡೆಯವಳು. ತಂದೆ ಸಂತೆಯಲ್ಲಿ ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದರು. ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಸೇರಿಸಿ ಕಟ್ಟಿ, ಗೊರಸಿಗೆ ಕಬ್ಬಿಣದ ಲಾಳವಿಟ್ಟು ಮೊಳೆ ಹೊಡೆಯುವ ಕೆಲಸ. ಅಣ್ಣ ಅಲೀಮ್ ಹಗ್ಗ ಹಿಡಿಯುತ್ತಿದ್ದ, ಇವಳು ಮೊಳೆ ಕೊಡುತ್ತಿದ್ದಳು. ಆ ಅಲೀಮ್ ಈಗ ಆನ್ ಆರ್ಬರ್ ಹತ್ತಿರದ ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪಿನ ಮಾಲೀಕ. ಯಾರಾದರೂ ಕೇಳಿದರೆ "ಅಬ್ಬಾದು ಹಾರ್ಡ್‌ವೇರ್ ಬಿಸಿನೆಸ್ ಇತ್ತು" ಎನ್ನುತ್ತಾನೆ. ಲಾಳವೂ ಹಾರ್ಡ್‌ವೇರೇ ತಾನೆ ಎಂದು ಹಾದಿಯಾ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ತುಮಕೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದವಳು, ನಲವತ್ತರ ಹತ್ತಿರ ಬಂದ ಮೇಲೆ ಆನ್ ಆರ್ಬರ್‌ನ ಯೂನಿವರ್ಸಿಟಿಗೆ ಸಂಶೋಧನೆಗೆ ಬಂದಳು. ಹಿಡಿದ ವಿಷಯ ವೆಲ್ಷ್ ಕಾವ್ಯ. ವೆಲ್ಷ್ ಎಂದರೆ ಬ್ರಿಟನ್ನಿನ ಪಶ್ಚಿಮ ಭಾಗದ ವೇಲ್ಸ್ ನಾಡಿನ ಭಾಷೆ. ಅವರ ಹಳೆಯ ಕಾವ್ಯದ ಕಟ್ಟು ಬಹಳ ಬಿಗಿ. ಸಾಲಿನ ಮೊದಲರ್ಧದಲ್ಲಿ ಬಂದ ವ್ಯಂಜನಗಳೇ ಅದೇ ಕ್ರಮದಲ್ಲಿ ಎರಡನೆಯ ಅರ್ಧದಲ್ಲೂ ಬರಬೇಕು. ಜೊತೆಯವರು ತಲೆ ಚಚ್ಚಿಕೊಳ್ಳುವಾಗ ಇವಳಿಗೆ ಹೈಸ್ಕೂಲಿನ ಮಲ್ಲಮ್ಮ ಟೀಚರ್ ನೆನಪಾದರು. ಷಟ್ಪದಿಗೆ ಪ್ರಸ್ತಾರ ಹಾಕಿಸಿ, ಪ್ರಾಸ ತಪ್ಪಿದರೆ ಕಿವಿ ಹಿಂಡುತ್ತಿದ್ದ ಹೆಂಗಸು. ಕಿವಿ ಹಿಂಡಿಸಿಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂತು.

ಆದರೆ ಕಲಿತ ಭಾಷೆಯನ್ನು ಆಡಲು ಜನ ಬೇಕಲ್ಲ? ಇದ್ದವರು ಪ್ರೊಫೆಸರ್ ಒಬ್ಬರೇ. ಅವರೂ ರಿಟೈರಾಗಿ ಊರು ಬಿಟ್ಟರು. ಅಣ್ಣನ ಮನೆಯ ಊಟಗಳಲ್ಲಿ ಯಾರಾದರೂ "ಯಾವ ಫೀಲ್ಡ್?" ಎಂದು ಕೇಳಿ, ಉತ್ತರ ಕೇಳಿದ ಮೇಲೆ "ಅದ್ರಲ್ಲಿ ಜಾಬ್ ಸಿಗತ್ತಾ?" ಎಂದು ಬಿರಿಯಾನಿಯ ಕಡೆ ತಿರುಗುತ್ತಿದ್ದರು. ಹಾದಿಯಾ ತರಕಾರಿ ಹೆಚ್ಚುತ್ತ ತನ್ನೊಂದಿಗೆ ತಾನೇ ವೆಲ್ಷ್ ಮಾತಾಡಿಕೊಳ್ಳತೊಡಗಿದಳು. ಒಂಟಿತನ ಎಂದರೆ ಇದೇ, ಬೇರೆ ಹೆಸರು ಹುಡುಕಬೇಕಾಗಿಲ್ಲ.

2003ರಲ್ಲಿ ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ ವೆಲ್ಷ್ ಮೂಲದವರ ಒಂದು ಸಂಘ ವೆಲ್ಷ್ ಕವಿತೆಯ ಸ್ಪರ್ಧೆ ಇಟ್ಟಿತು. ಬಹುಮಾನ, ವೇಲ್ಸ್‌ನ ಹಳೆಯ ವಾಡಿಕೆಯಂತೆ, ಒಂದು ಕುರ್ಚಿ. ಕವಿತೆಯನ್ನು ಗುಪ್ತನಾಮದಲ್ಲಿ ಕಳಿಸಬೇಕು. ಹಾದಿಯಾ ಅಬ್ಬಾನ ಮೇಲೆ ಬರೆದಳು. 'ಲಾಳದವನ ಮಗಳು' ಎಂದು ವೆಲ್ಷ್‌ನಲ್ಲಿ ಹೆಸರಿಟ್ಟುಕೊಂಡಳು. ಗೆದ್ದಿದ್ದೀರಿ ಎಂದು ಫೋನ್ ಬಂತು, ಜೊತೆಗೇ ಯಾರಿಗೂ ಹೇಳಬಾರದೆಂಬ ಕಟ್ಟಪ್ಪಣೆಯೂ ಬಂತು. ಅವರ ಪದ್ಧತಿ ಹಾಗೆ. ಗೆದ್ದವರು ಸಭೆಯಲ್ಲಿ ಎಲ್ಲರಂತೆ ಸುಮ್ಮನೆ ಕೂತಿರಬೇಕು. ವೇದಿಕೆಯಿಂದ ಗುಪ್ತನಾಮ ಕೂಗಿದಾಗ ಏಳಬೇಕು. ಅಲ್ಲಿಯವರೆಗೆ ಪಕ್ಕದವರಿಗೂ ಗೊತ್ತಾಗಬಾರದು. ನಾನಾಗಿದ್ದರೆ ಫೋನ್ ಇಡುವ ಮೊದಲೇ ಊರಿಗೆಲ್ಲ ಸಾರುತ್ತಿದ್ದೆ. ಹಾದಿಯಾ ಮಾತು ಕೊಟ್ಟಳು, ಉಳಿಸಿಕೊಂಡಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ತಾನು ಎದ್ದು ನಿಲ್ಲುವುದನ್ನು ಅಣ್ಣ ನೋಡಬೇಕು. ಅಬ್ಬಾನ ಕಸುಬಿನ ಹೆಸರನ್ನು ತುಂಬಿದ ಸಭೆಯಲ್ಲಿ ಗೌರವದಿಂದ ಕೂಗುವಾಗ ಅವನು ಅಲ್ಲಿರಬೇಕು. ವಿಕ್ಸಮ್‌ಗೆ ಹೋಗಿ ಕರೆದಳು. ಅಣ್ಣ ತಂಗಿ ಮನೆಯಲ್ಲಿ ಆಡುವುದು ಉರ್ದು, ಹಟಕ್ಕೆ ಜಗಳಕ್ಕೆ ಮಾತ್ರ ಕನ್ನಡ. ಅವತ್ತು ಕನ್ನಡದಲ್ಲೇ ಕರೆದಳು.

"ಭಾಯ್, ಶನಿವಾರ ವುಡ್‌ರಿಡ್ಜ್‌ಗೆ ಬಾ. ವೆಲ್ಷ್‌ನವರ ಪ್ರೋಗ್ರಾಮ್ ಇದೆ."

"ನೀನೇನಾದ್ರೂ ಮಾಡ್ತಿದೀಯಾ ಅದ್ರಲ್ಲಿ?"

"ಇಲ್ಲ. ಸುಮ್ನೆ ನೋಡೋಕೆ."

"ನೋಡೋಕೆ ಅಷ್ಟ್ ದೂರ ಡ್ರೈವ್ ಮಾಡ್ಬೇಕಾ? ಶನಿವಾರ ಆರ್ಡರ್ ಕಳಿಸ್ಬೇಕು ಕಣೇ. ನೆಕ್ಸ್ಟ್ ಟೈಮ್ ನೋಡೋಣ."

ಅತ್ತಿಗೆ ಷಹನಾಜ್ ಮಗನ ಸಾಕರ್ ಮ್ಯಾಚ್ ಇದೆ ಎಂದಳು. ಹಾದಿಯಾ ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಕರೆದಳು. ಅಲೀಮ್‌ಗೆ ಅದು ಕೇಳಿಸಲಿಲ್ಲ.

ಒಬ್ಬಳೇ ಹೋದಳು. ಸಭಾಂಗಣದಲ್ಲಿ ಪಕ್ಕದ ಸೀಟಿನ ಮೇಲೆ ತನ್ನ ಕೋಟು ಹಾಕಿ ಹಿಡಿದಿಟ್ಟಳು. ಅಣ್ಣ ಮನಸ್ಸು ಬದಲಾಯಿಸಿ ಬಂದುಬಿಟ್ಟರೆ? ಯಾರಾದರೂ ಕೂರಲು ಬಂದರೆ "ಜನ ಇದ್ದಾರೆ" ಎನ್ನುತ್ತಿದ್ದಳು. ಕೊನೆಗೆ ವೇದಿಕೆಯಿಂದ ಕೂಗಿದರು: ಲಾಳದವನ ಮಗಳು ಎಲ್ಲಿದ್ದರೂ ಎದ್ದು ನಿಲ್ಲಲಿ. ಬೆಳ್ಳಿಗೂದಲ ಅಜ್ಜ ಅಜ್ಜಿಯರೆಲ್ಲ ಕತ್ತು ಹೊರಳಿಸಿ ತಮ್ಮವರಲ್ಲೇ ಯಾರೋ ಎಂದು ಹುಡುಕಿದರು. ತಲೆಗೆ ಹಸಿರು ಸ್ಕಾರ್ಫ್ ಸುತ್ತಿದ್ದ ಹಾದಿಯಾ ಎದ್ದಳು. ಆಮೇಲೆ ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು, ಕೆಲವರು ಕಣ್ಣೊರೆಸಿಕೊಂಡರು.

"ಎಲ್ಲರೂ ನನ್ನನ್ನ ನೋಡ್ತಿದ್ರು" ಎಂದಳು ನನಗೆ. "ನಾನು ಕೋಟು ನೋಡ್ತಿದ್ದೆ."

ಕುರ್ಚಿ ಅವಳ ಕಾರಿನಲ್ಲಿ ಹಿಡಿಸಲಿಲ್ಲ. ಅದನ್ನು ತರಲು ವ್ಯಾನ್ ಬೇಕೆಂದಾಗ ಅಲೀಮ್ ಎರಡನೇ ಮಾತಿಲ್ಲದೆ ಮುಂದಿನ ಶನಿವಾರವೇ ಅವಳ ಜೊತೆ ಹೊರಟ. ನನಗೆ ಮೈಯೆಲ್ಲ ಉರಿಯುವುದು ಇಲ್ಲೇ. ಸಾಮಾನು ಹೊರಲು ಬರುವವನಿಗೆ ತಂಗಿಯ ಪಕ್ಕ ಕೂರಲು ಬರಲಾಗಲಿಲ್ಲ. ಆದರೂ ಅವನು ಕೆಟ್ಟವನಲ್ಲ. ಕುರ್ಚಿಗೆ ಗೀರು ಬೀಳದಂತೆ ಮನೆಯಿಂದ ರಜಾಯಿ ತಂದು ಸುತ್ತಿದ್ದನಂತೆ.

ವಾಪಸು ಬರುವಾಗ ದಾರಿಯಲ್ಲಿ ಕೇಳಿದ: "ಕುರ್ಚಿ ಬೆನ್ನಿಗೆ ಹಿತ್ತಾಳೆ ತಗಡಿದೆಯಲ್ಲ, ಏನ್ ಬರ್ದಿದೆ?"

"ಲಾಳದವನ ಮಗಳು ಅಂತ."

ಅಲೀಮ್ ವ್ಯಾನಿನ ವೇಗ ಇಳಿಸಿದ. "ಅಬ್ಬಾ ಬಗ್ಗೆನಾ?"

"ಹೂಂ. ನೀನೂ ಇದೀಯ ಅದ್ರಲ್ಲಿ. ಹಗ್ಗ ಹಿಡ್ಕೊಂಡು."

"ಒಂದ್ ಮಾತು ಹೇಳಿದ್ರೆ ಶಾಪ್ ಮುಚ್ಚಿ ಬರ್ತಿದ್ನಲ್ಲೇ!"

"ಹೇಳೋ ಹಾಗಿರ್ಲಿಲ್ಲ."

"ಹೋಗ್ಲಿ, ಇನ್ನೊಂದ್ ಸಲ ಗೆಲ್ಲು. ಖಂಡಿತ ಬರ್ತೀನಿ."

"ಆಗ್ಲೂ ಹೇಳೋ ಹಾಗಿಲ್ಲ ಭಾಯ್."

"ಮತ್ತೆ ನಂಗೆ ಹೆಂಗ್ ಗೊತ್ತಾಗ್ಬೇಕು?"

"ಗೊತ್ತಾಗಲ್ಲ. ನಾನು ಸುಮ್ನೆ ಕರೀತೀನಿ. ನೀನು ಸುಮ್ನೆ ಬರ್ಬೇಕು."